ಕಲ್ಲಣಬೆ ಹೆಕ್ಕಲೇ, ಬಿಡಲೇ?

ಮೇ ತಿಂಗಳ ಕೊನೆಗೆ ಕಾರ್ಕಳ, ಬೆಳ್ತಂಗಡಿ ಕಡೆ ಎರಡು ಮಳೆ ಬಿದ್ದು, ರಾತ್ರಿಯಿಡೀ ಗುಡುಗಿ, ಬೆಳಿಗ್ಗೆ ಬಿಸಿಲು ಬಂತೆಂದರೆ ಗುಡ್ಡದಲ್ಲಿ ಜನ ಕಾಣತೊಡಗುತ್ತಾರೆ. ಹೆಚ್ಚಿನವರು ಹೆಂಗಸರು. ಸೊಂಟಕ್ಕೊಂದು ಚೀಲ, ಕೈಯಲ್ಲಿ ಮೊನಚು ಕೋಲು, ಇಲ್ಲವೇ ತುದಿ ಸವೆದ ಹಳೆ ಕತ್ತಿ. ಬೋಗಿ ಮರದ ಬುಡದ ತರಗೆಲೆಯನ್ನು ಮೆಲ್ಲಗೆ ಸರಿಸಿ, ಮುರಕಲ್ಲಿನ ಕೆಂಪು ಮಣ್ಣನ್ನು ಬೆರಳಿನಷ್ಟು ಆಳಕ್ಕೆ ಕೆದರುತ್ತಾರೆ. ಗೋಲಿಯಷ್ಟು, ಕೆಲವೊಮ್ಮೆ ಸಣ್ಣ ನಿಂಬೆಯಷ್ಟು ದಪ್ಪದ ಉಂಡೆಗಳು ಸಿಗುತ್ತವೆ. ಮೈಯೆಲ್ಲ ಮಣ್ಣು ಮೆತ್ತಿಕೊಂಡು ಕಲ್ಲಿನ ಹರಳಿನಂತೆಯೇ ಕಾಣುವುದರಿಂದ ಅದು ಕಲ್ಲಣಬೆ. ತುಳುವಿನಲ್ಲಿ ಅಣಬೆ ಎಂದರೆ ಲಾಂಬು, ಇದು ಕಲ್ಲಲಾಂಬು.

ನಾನು ಚಿಕ್ಕವನಿದ್ದಾಗ ಇದು ಮನೆಯ ಅಡುಗೆಗೆ ಬರುತ್ತಿದ್ದ ವಸ್ತು. ಹೆಚ್ಚಾದರೆ ನೆರೆಮನೆಗೆ ಒಂದು ಪಾಲು. ಈಗ ಪೇಟೆಯ ರಸ್ತೆ ಬದಿಯಲ್ಲಿ ಸೇರಿನ ಲೆಕ್ಕದಲ್ಲಿ ಮಾರುತ್ತಾರೆ. ಕೋಳಿಗಿಂತಲೂ, ಎಷ್ಟೋ ದಿನ ಒಳ್ಳೆಯ ಮೀನಿಗಿಂತಲೂ ದುಬಾರಿ. ಮಳೆ ಶುರುವಾದರೆ ಮೊಬೈಲ್ ತುಂಬ ಅದರದ್ದೇ ವಿಡಿಯೋ. ದೂರದ ಊರುಗಳಿಂದ ಕಾರು ಮಾಡಿಕೊಂಡು ಹೆಕ್ಕಲು ಬರುವವರೂ ಇದ್ದಾರೆ. ಇದನ್ನು ನೋಡಿ ಕಾಡಿನ ಚಿಂತೆಯುಳ್ಳ ನನ್ನ ಗೆಳೆಯರು ‘ಇನ್ನು ಸಾಕು, ಹೆಕ್ಕುವುದನ್ನೇ ನಿಲ್ಲಿಸಬೇಕು’ ಅನ್ನುತ್ತಾರೆ. ವೈದ್ಯರು ‘ಕಾಡಿನ ಅಣಬೆಯನ್ನು ಮುಟ್ಟಲೇಬೇಡಿ’ ಅನ್ನುತ್ತಾರೆ. ಹೆಕ್ಕಿ ಉಂಡು ಬೆಳೆದವರು ‘ಅಜ್ಜಿಯ ಕಾಲದಿಂದ ಉಂಡಿದ್ದೇವೆ, ನಮಗೇನಾಗಿದೆ?’ ಎಂದು ಕೇಳುತ್ತಾರೆ. ಮೂವರ ಮಾತಿನಲ್ಲೂ ಸತ್ಯವಿದೆ. ಎಷ್ಟೆಷ್ಟು ಇದೆ ಎನ್ನುವುದನ್ನು ನನಗೆ ತಿಳಿದ ಮಟ್ಟಿಗೆ ತೂಗಿ ನೋಡುತ್ತೇನೆ.

ಉಂಡವರ ಮಾತಿನಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ನಾನೂ ಉಂಡವನು. ನಮ್ಮ ಅಜ್ಜಿ ಕಲ್ಲಣಬೆಯನ್ನು ಬಾವಿಕಟ್ಟೆಯ ಬಳಿ ಕುಳಿತು ತೊಳೆಯುತ್ತಿದ್ದರು. ನೀರು ಕೆಂಪಾಗುವುದು ನಿಲ್ಲುವವರೆಗೆ ತೊಳೆಯಬೇಕು. ಅದಕ್ಕೆ ಒಂದು ಗಂಟೆಯೂ ಹಿಡಿಯುತ್ತಿತ್ತು. ಆಮೇಲೆ ಒಂದೊಂದನ್ನೂ ಎರಡು ಹೋಳು ಮಾಡುವುದು. ಒಳಗೆ ಅಚ್ಚ ಬಿಳಿ ಇದ್ದರೆ ಪಾತ್ರೆಗೆ. ಕಪ್ಪಾಗಿದ್ದರೆ, ಸ್ವಲ್ಪ ಕಂದು ತಿರುಗಿದ್ದರೂ ಸರಿ, ಹಿತ್ತಲಿಗೆ. ಹುರಿದ ಕೊತ್ತಂಬರಿ, ಒಣಮೆಣಸು, ತೆಂಗಿನ ತುರಿ ಹಾಕಿ ಸುಕ್ಕ ಮಾಡುತ್ತಿದ್ದರು. ಹಲ್ಲಿಗೆ ಸಿಕ್ಕಾಗ ಹೊರಗಿನ ಸಿಪ್ಪೆ ಕಟುಕ್ ಎನ್ನುತ್ತದೆ, ಒಳಗಿನದು ಬೆಣ್ಣೆಯಂತೆ ಕರಗುತ್ತದೆ. ಅಂಗಡಿಯ ಬಟನ್ ಅಣಬೆ ತಿಂದವರಿಗೆ ಈ ರುಚಿಯನ್ನು ಮಾತಿನಲ್ಲಿ ತಿಳಿಸಲು ನನ್ನಿಂದಾಗದು.

ಆದರೆ ಇದು ಬಾಯಿರುಚಿಯ ವಿಷಯ ಮಾತ್ರವಲ್ಲ. ಕರಾವಳಿಯಲ್ಲಿ ಮಳೆಗಾಲವೆಂದರೆ, ಅದರಲ್ಲೂ ತುಳುವರ ಆಟಿ ತಿಂಗಳೆಂದರೆ, ಒಂದು ಕಾಲಕ್ಕೆ ಇಲ್ಲಗಳ ತಿಂಗಳು. ಕಳೆದ ಬೆಳೆಯ ಅಕ್ಕಿ ತಳ ಕಂಡಿರುತ್ತಿತ್ತು, ಕಡಲಿಗೆ ದೋಣಿ ಇಳಿಯುತ್ತಿರಲಿಲ್ಲ, ಗದ್ದೆ ಕೆಲಸ ಮುಗಿದ ಮೇಲೆ ಕೂಲಿಯೂ ಇರುತ್ತಿರಲಿಲ್ಲ. ಆಗ ಊಟದ ತಟ್ಟೆ ತುಂಬಿದ್ದು ಕೆಸುವಿನ ಎಲೆ, ತಜಂಕ್ ಸೊಪ್ಪು, ಕಣಿಲೆ ಎಂಬ ಎಳೆ ಬಿದಿರು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ ಮತ್ತು ಲಾಂಬು. ಕಲ್ಲಣಬೆ ಮೊದಲ ಮಳೆಗೆ, ಹುತ್ತದ ಅಣಬೆ ಜಡಿಮಳೆಗೆ. ಜಮೀನಿಲ್ಲದವರಿಗೂ ಗುಡ್ಡ ಕೊಡುತ್ತಿದ್ದ ಪಾಲು ಅದು. ಕೊರಗರು, ಮಲೆಕುಡಿಯರು, ಉತ್ತರ ಕನ್ನಡದಲ್ಲಿ ಹಾಲಕ್ಕಿಗಳು, ಕುಣಬಿಗಳು ಈ ಕಾಡನ್ನು ಓದಿಕೊಂಡಷ್ಟು ಚೆನ್ನಾಗಿ ಬೇರೆ ಯಾರೂ ಓದಿಲ್ಲ. ಇವತ್ತಿಗೂ ಜೂನ್ ತಿಂಗಳಲ್ಲಿ ಒಬ್ಬ ಹೆಂಗಸು ಬೆಳಿಗ್ಗೆ ನಾಲ್ಕು ಗಂಟೆ ಕಾಲ ಗುಡ್ಡದಲ್ಲಿ ಬಗ್ಗಿ ದುಡಿದು ತಂದದ್ದು ಮಕ್ಕಳ ಶಾಲೆಯ ಪುಸ್ತಕಕ್ಕೋ ಕೊಡೆಗೋ ಆಗುತ್ತದೆ. ನಾನು ಪ್ರತಿ ವರ್ಷ ಕೊಳ್ಳುವ ಅಕ್ಕ ಒಮ್ಮೆ ಹೇಳಿದ್ದರು: ‘ಬೀಡಿ ಕಟ್ಟಿ ತಿಂಗಳಿಡೀ ಬಾರದ ದುಡ್ಡು ಇದರಲ್ಲಿ ಒಂದು ವಾರಕ್ಕೆ ಬರ್ತದೆ. ಆದರೆ ಆ ಒಂದು ವಾರ ಮಾತ್ರ.’ ‘ನಿಲ್ಲಿಸಿ’ ಎನ್ನುವವರು ಮೊದಲು ಈ ಮಾತಿಗೆ ಉತ್ತರ ಕೊಡಬೇಕು.

ಈಗ ವೈದ್ಯರ ಕಡೆಗೆ ಬರೋಣ. ಅವರು ಸುಮ್ಮನೆ ಹೆದರಿಸುತ್ತಿಲ್ಲ.

ಅಣಬೆಯ ವಿಷಗಳಲ್ಲಿ ಅತಿ ಕ್ರೂರವಾದದ್ದು ಅಮಾನಿಟಾ ಕುಲದ ಕೆಲವು ಜಾತಿಗಳಲ್ಲಿರುವ ಅಮಾಟಾಕ್ಸಿನ್. ಕುದಿಸಿದರೆ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ಉಂಡಾಗ ಕಹಿಯೂ ಇಲ್ಲ. ಉಂಡು ಬದುಕಿದವರು ರುಚಿಯಾಗಿತ್ತು ಎಂದೇ ಹೇಳಿದ್ದಾರೆ. ಉಂಡ ಆರು ಗಂಟೆಯವರೆಗೆ, ಅನೇಕ ಸಲ ಹನ್ನೆರಡು ಗಂಟೆ ದಾಟಿದರೂ, ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಅದು ಒಂದು ದಿನದಲ್ಲಿ ತಗ್ಗುತ್ತದೆ, ರೋಗಿ ಎದ್ದು ಕೂರುತ್ತಾನೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆ ಹೊತ್ತಿಗೆ ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಜೀವಕೋಶ ಪ್ರೋಟೀನು ಕಟ್ಟಲು ಬೇಕಾದ ಕಿಣ್ವವನ್ನೇ ಈ ವಿಷ ಹಿಡಿದು ನಿಲ್ಲಿಸಿರುತ್ತದೆ. ಮೂರನೆಯ, ನಾಲ್ಕನೆಯ ದಿನ ಕಣ್ಣು ಹಳದಿಯಾದಾಗ ಬಹಳ ತಡವಾಗಿರುತ್ತದೆ.

2022ರ ಏಪ್ರಿಲ್‌ನಲ್ಲಿ ಮೇಲಣ ಅಸ್ಸಾಮಿನ ಜಿಲ್ಲೆಗಳಲ್ಲಿ ಕಾಡಿನ ಅಣಬೆ ಉಂಡು ಕೆಲವೇ ದಿನಗಳಲ್ಲಿ 13 ಜನ ಸತ್ತರು. ಬಹುಪಾಲು ಚಹಾ ತೋಟದ ಕೂಲಿ ಕುಟುಂಬದವರು. ಸತ್ತವರಲ್ಲಿ ಮಗುವೂ ಇತ್ತು. ಅಣಬೆ ಹೆಕ್ಕಿ ತಿನ್ನುವುದು ಅವರಿಗೆ ಹೊಸತಾಗಿರಲಿಲ್ಲ. ‘ನಮ್ಮಲ್ಲಿ ತಲೆಮಾರಿನ ತಿಳಿವಳಿಕೆಯಿದೆ’ ಎನ್ನುವ ನಮ್ಮ ಮಾತನ್ನು ಈ ಸುದ್ದಿ ಅಲುಗಾಡಿಸಬೇಕು. ಅಮಾನಿಟಾ ಕುಲದ ಅಣಬೆಗಳು ನಮ್ಮ ಘಟ್ಟದಲ್ಲೂ ಇವೆ.

ಇನ್ನೊಂದು ಘಟನೆ ದೂರದ್ದು, ಆದರೆ ನಮ್ಮವರಿಗೆ ಸಂಬಂಧಿಸಿದ್ದೇ. 2016ರ ಡಿಸೆಂಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ‘ಡೆತ್ ಕ್ಯಾಪ್’ ಎನ್ನುವ ಅಮಾನಿಟಾ ಅಣಬೆ ಉಂಡು 14 ಜನ ಆಸ್ಪತ್ರೆ ಸೇರಿದರು. ಮೂವರಿಗೆ ಯಕೃತ್ತಿನ ಕಸಿ ಮಾಡಬೇಕಾಯಿತು. ಆ ಅಣಬೆ ಅಲ್ಲಿನದಲ್ಲ, ಯುರೋಪಿನಿಂದ ಮರಗಳ ಬೇರಿನ ಜೊತೆ ಬಂದು ಕಡಲಂಚಿನ ಓಕ್ ಕಾಡಿನಲ್ಲಿ ನೆಲೆಯೂರಿದ್ದು. ಏಷ್ಯಾದ ದೇಶಗಳಿಂದ ಹೋಗಿ ನೆಲೆಸಿದವರು ತಮ್ಮೂರಿನ ಹುಲ್ಲಿನ ಅಣಬೆಯೇ ಇದು ಎಂದು ತಪ್ಪಾಗಿ ತಿಳಿದು ಉಂಡ ಪ್ರಕರಣಗಳು ಅಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ಆ ಕರಾವಳಿಯ ಊರುಗಳಲ್ಲಿ ನಮ್ಮ ಜಿಲ್ಲೆಗಳ ಎಷ್ಟೋ ಮಕ್ಕಳಿದ್ದಾರೆ. ಊರಿನ ನೆನಪಾಗಿ ಮಳೆ ಬಂದ ಮರುದಿನ ಕಾಡಿಗೆ ಹೋಗುವ ಆಸೆ ಅವರಿಗೂ ಆಗುತ್ತದೆ. ಅಜ್ಜಿಯಿಂದ ಕಲಿತ ವಿದ್ಯೆ ಅಜ್ಜಿಯ ಗುಡ್ಡದಲ್ಲಿ ಮಾತ್ರ ನಡೆಯುತ್ತದೆ. ಅದನ್ನು ವಿಮಾನದಲ್ಲಿ ಒಯ್ಯಬಾರದು.

ನಮ್ಮ ಬಂಧುಗಳಲ್ಲೇ ಒಂದು ಮನೆಯವರು ಪೇಟೆಯಲ್ಲಿ ಹೊಸಮನೆ ಕಟ್ಟಿ, ಅಂಗಳಕ್ಕೆ ಹುಲ್ಲು ಹಾಸಿದ್ದರು. ಜುಲೈಯಲ್ಲಿ ಅಲ್ಲಿ ಬಿಳಿ ಕೊಡೆಗಳು ಎದ್ದವು. ಹುತ್ತದ ಅಣಬೆಯೆಂದೇ ತಿಳಿದು ಪದಾರ್ಥ ಮಾಡಿದರು. ಎರಡು ಗಂಟೆಯೊಳಗೆ ಮನೆಯ ನಾಲ್ವರೂ ವಾಂತಿ ಮಾಡಿಕೊಂಡು ನೆಲಕ್ಕೆ ಬಿದ್ದಿದ್ದರು. ಹಸಿರು ಬೀಜಕಣದ ಹುಲ್ಲುಹಾಸಿನ ಅಣಬೆ ಇರಬೇಕು. ಅದು ಹೊಟ್ಟೆಯನ್ನು ಕಿತ್ತು ತೆಗೆಯುತ್ತದೆ, ಕೊಲ್ಲುವುದು ಅಪರೂಪ. ನಾಲ್ವರೂ ಉಳಿದರು. ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಪದಾರ್ಥ ಮಾಡುವಾಗ ಅವರು ಒಂದು ಬೆಳ್ಳಿ ನಾಣ್ಯ ಹಾಕಿ ನೋಡಿದ್ದರು. ನಾಣ್ಯ ಕಪ್ಪಾಗಲಿಲ್ಲ, ಆದ್ದರಿಂದ ಉಂಡರು.

ಅಣಬೆಯಲ್ಲಿ ವಿಷವಿದ್ದರೆ ನಾಣ್ಯ ಕಪ್ಪಾಗುತ್ತದೆ, ಬೆಳ್ಳುಳ್ಳಿ ನೀಲಿಯಾಗುತ್ತದೆ, ಅರಿಶಿನ ಬಣ್ಣ ಬದಲಿಸುತ್ತದೆ, ಅಕ್ಕಿ ಕೆಂಪಾಗುತ್ತದೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು: ಇವುಗಳಲ್ಲಿ ಒಂದೂ ನಿಜವಲ್ಲ. ಅಮಾಟಾಕ್ಸಿನ್ ಬೆಳ್ಳಿಯನ್ನು ಮುಟ್ಟುವುದೂ ಇಲ್ಲ. ಗೊಂಡೆಹುಳ ಆ ಅಣಬೆಯನ್ನು ಆರಾಮವಾಗಿ ತಿಂದು ಬದುಕುತ್ತದೆ. ಈ ಪರೀಕ್ಷೆಗಳನ್ನು ನಂಬಿ ಉಣ್ಣುವವರು ಪರೀಕ್ಷೆಯನ್ನೇ ಮಾಡಿಲ್ಲ ಎಂದು ತಿಳಿಯಬೇಕು. ಇದನ್ನು ‘ಹಿರಿಯರ ಜ್ಞಾನ’ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಯಾಕೆಂದರೆ ನಾನು ಕಂಡ ಹಿರಿಯರ ಜ್ಞಾನ ಹೀಗಿರಲಿಲ್ಲ. ನಮ್ಮ ಅಜ್ಜಿ ನಾಣ್ಯ ಹಾಕಿದ್ದನ್ನು ನಾನು ನೋಡಿಲ್ಲ. ಅವರಿಗೆ ಗೊತ್ತಿದ್ದದ್ದು ನಾಲ್ಕೋ ಐದೋ ಅಣಬೆ. ಕಲ್ಲಣಬೆ, ಹುತ್ತದ ದೊಡ್ಡ ಅಣಬೆ, ಅಕ್ಕಿಕಾಳು ಚೆಲ್ಲಿದಂತೆ ನೆಲ ತುಂಬ ಏಳುವ ಸಣ್ಣ ಅಣಬೆ, ಸತ್ತ ಮರದ ಮೇಲಿನ ಒಂದೆರಡು. ಉಳಿದದ್ದೆಲ್ಲ ಅವರ ಮಟ್ಟಿಗೆ ನಾಯಿಕೊಡೆ. ಎಷ್ಟೇ ಚೆಂದವಿರಲಿ, ಎಷ್ಟೇ ಬೆಳ್ಳಗಿರಲಿ, ಅವರು ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ‘ಅದು ಯಾವುದು ಅಜ್ಜಿ?’ ಎಂದು ಕೇಳಿದರೆ ‘ನನಗೆ ಗೊತ್ತಿಲ್ಲ, ಬಾ’ ಅಷ್ಟೇ. ಅವರಿಗೆ ವಿಷದ ಅಣಬೆ ಯಾವುದೆಂದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಗೊತ್ತಿರುವುದನ್ನು ಮಾತ್ರ, ಗೊತ್ತಿರುವ ಜಾಗದಿಂದ, ಗೊತ್ತಿರುವ ವಾರದಲ್ಲಿ ತರುತ್ತಿದ್ದರು. ತಲೆಮಾರುಗಳನ್ನು ಕಾಪಾಡಿದ್ದು ಆ ಸಣ್ಣ ಪಟ್ಟಿ, ಅದರಾಚೆಗೆ ಕೈ ಚಾಚದ ಹಟ.

ಮೊಬೈಲ್ ಇದನ್ನು ತಿರುವುಮುರುವು ಮಾಡಿದೆ. ಗೊತ್ತಿಲ್ಲದ ಅಣಬೆಯ ಚಿತ್ರ ತೆಗೆದು ‘ಇದು ತಿನ್ನಬಹುದಾ?’ ಎಂದು ಕೇಳುವುದು ಈಗಿನ ಕ್ರಮ. ಯಾರೋ ‘ಹೌದು ಮಾರಾಯ, ಸೂಪರ್ ಆಗ್ತದೆ’ ಅನ್ನುತ್ತಾರೆ. ಚಿತ್ರದಲ್ಲಿ ಕಾಲಿನ ಬುಡ ಕಾಣುವುದಿಲ್ಲ, ವಾಸನೆ ಬರುವುದಿಲ್ಲ, ಯಾವ ಮರದಡಿ ಎದ್ದದ್ದೆಂದು ತಿಳಿಯುವುದಿಲ್ಲ. ಅಮಾನಿಟಾದ ಗುರುತಾದ ಚೀಲದಂಥ ಬುಡ ಮಣ್ಣಿನೊಳಗೇ ಉಳಿದಿರುತ್ತದೆ. ಕಲ್ಲಣಬೆಯಂಥ ‘ಸುಲಭದ’ ಅಣಬೆಯಲ್ಲೂ ತೊಡಕಿದೆ. ಅದರ ಹಾಗೆಯೇ ದುಂಡಗೆ ನೆಲದಲ್ಲಿ ಕೂರುವ ಸ್ಕ್ಲೆರೋಡರ್ಮಾ ಎಂಬ ಅಣಬೆ ಹೊಟ್ಟೆ ಕೆಡಿಸುತ್ತದೆ. ಅದು ಬೇಗನೆ ಒಳಗೆ ನೇರಳೆಗಪ್ಪು ಆಗುವುದರಿಂದ ಅಜ್ಜಿಯ ‘ಕಪ್ಪಾದದ್ದು ಹಿತ್ತಲಿಗೆ’ ಎನ್ನುವ ನಿಯಮದಲ್ಲಿ ಬಹಳಷ್ಟು ಸಲ ಅದೂ ಹೊರಗೆ ಹೋಗಿರುತ್ತದೆ. ಅಮಾನಿಟಾ ಕೂಡ ಎಳೆಯದಿದ್ದಾಗ ಮೊಟ್ಟೆಯ ಹಾಗೆ ಕಾಣುತ್ತದೆ. ಉದ್ದಕ್ಕೆ ಸೀಳಿದರೆ ಒಳಗೆ ಪುಟ್ಟ ಕೊಡೆಯ ಆಕಾರ ಮಡಿಸಿಕೊಂಡಿರುವುದು ಕಾಣುತ್ತದೆ. ಒಂದೊಂದನ್ನೂ ಹೋಳು ಮಾಡಿ ನೋಡುವ ಆ ಬೇಸರದ ಕೆಲಸದೊಳಗೆ ಅಷ್ಟೆಲ್ಲ ಇತ್ತು. ಹೋಳು ಮಾಡಿದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಹೋಳು ಮಾಡದೆ ಒಲೆಗೇರಿಸುವವರು ಅರ್ಧ ಜ್ಞಾನವನ್ನು ಮಾತ್ರ ಪಡೆದಿದ್ದಾರೆ ಅನ್ನುತ್ತಿದ್ದೇನೆ.

ಹಾಗಾದರೆ ವೈದ್ಯರು ಸರಿಯೇ? ಗೊತ್ತಿಲ್ಲದವರ ವಿಷಯದಲ್ಲಿ ನೂರಕ್ಕೆ ನೂರು ಸರಿ. ಎಲ್ಲರಿಗೂ ಒಂದೇ ಮಾತಾಗಿ ‘ಮುಟ್ಟಬೇಡಿ’ ಎಂದರೆ ಮಾತ್ರ, ಗೊತ್ತಿರುವವರಿಂದ ಮಕ್ಕಳು ಕಲಿಯುವುದೂ ನಿಂತುಹೋಗುತ್ತದೆ. ಹೆಕ್ಕುವ ಆಸೆ ನಿಲ್ಲುವುದಿಲ್ಲ. ಕಲಿಯದೆ ಹೆಕ್ಕುವವರು ಹೆಚ್ಚುತ್ತಾರೆ.

ಇನ್ನು ಕಾಡಿನ ಮಾತು. ನನ್ನ ಮನಸ್ಸು ಹೆಚ್ಚು ಹೊಯ್ದಾಡಿದ್ದು ಇಲ್ಲಿ.

ಕಲ್ಲಣಬೆ ಮತ್ತು ಹುತ್ತದ ಅಣಬೆ ಎರಡನ್ನೂ ನಾವು ಲಾಂಬು ಎಂದು ಒಂದೇ ಬುಟ್ಟಿಗೆ ಹಾಕಿದರೂ ಅವುಗಳ ಬದುಕೇ ಬೇರೆ. ಕಲ್ಲಣಬೆ ಆಸ್ಟ್ರಿಯಸ್ ಎಂಬ ಕುಲದ್ದು. ಬಲಿತ ಮೇಲೆ ಹೊರಸಿಪ್ಪೆ ನಕ್ಷತ್ರದಂತೆ ಬಿರಿಯುವುದರಿಂದ ಆ ಹೆಸರು. ಕಿರಾಲುಬೋಗಿ, ಧೂಪದಂಥ ಮರಗಳ ಬೇರಿನ ತುದಿಗೆ ಇದರ ಎಳೆಗಳು ಸುತ್ತಿಕೊಂಡಿರುತ್ತವೆ. ಮಣ್ಣಿನ ನೀರು, ರಂಜಕವನ್ನು ಮರಕ್ಕೆ ಎಳೆದುಕೊಟ್ಟು, ಎಲೆಯಲ್ಲಾದ ಸಕ್ಕರೆಯ ಪಾಲು ಪಡೆಯುತ್ತವೆ. ನಾವು ಹೆಕ್ಕುವ ಉಂಡೆ ಮಾವಿನ ಮರದ ಹಣ್ಣಿದ್ದಂತೆ, ಮರ ನೆಲದೊಳಗಿದೆ. ಹುತ್ತದ ಅಣಬೆಯನ್ನಾದರೋ ಗೆದ್ದಲು ಸಾಕುತ್ತದೆ. ಫ್ರೆಂಚ್ ವಿಜ್ಞಾನಿ ರೋಜರ್ ಹೈಮ್ 1942ರಲ್ಲಿ ಇದಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು. ಗೆದ್ದಲು ಸೊಪ್ಪುಸದೆಯನ್ನು ಅರೆದು ಹುತ್ತದೊಳಗೆ ತೋಟ ಮಾಡಿ, ಅದರ ಮೇಲೆ ಈ ಶಿಲೀಂಧ್ರ ಬೆಳೆಸಿ ಉಣ್ಣುತ್ತದೆ. ಮಳೆ ಬಂದಾಗ ಆ ತೋಟದಿಂದ ಬೇರಿನಂಥ ಉದ್ದ ಕಾಲು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಗೆದ್ದಲು ಕೋಟ್ಯಂತರ ವರ್ಷಗಳಿಂದ ಮಾಡುತ್ತಿರುವ ಈ ಕೃಷಿ ಮನುಷ್ಯನಿಗೆ ಇನ್ನೂ ಕೈಹತ್ತಿಲ್ಲ. ಕಲ್ಲಣಬೆಯನ್ನೂ ಶೆಡ್ಡಿನಲ್ಲಿ ಬೆಳೆಯಲು ಬರುವುದಿಲ್ಲ. ಬೇಕಾದರೆ ಕಾಡಿನಿಂದಲೇ ತರಬೇಕು. ಆದ್ದರಿಂದಲೇ ಬೆಲೆ ಏರುತ್ತದೆ, ಆದ್ದರಿಂದಲೇ ಭಯವೂ ಇದೆ.

ಹೆಕ್ಕಿದರೆ ಮುಗಿದುಹೋಗುತ್ತದೆಯೇ? ಈ ಪ್ರಶ್ನೆಗೆ ಸ್ವಿಟ್ಜರ್ಲೆಂಡಿನಲ್ಲಿ ತಾಳ್ಮೆಯಿಂದ ಉತ್ತರ ಹುಡುಕಿದ್ದಾರೆ. ಅಲ್ಲಿಯ ಒಂದು ಕಾಡಿನಲ್ಲಿ 1975ರಿಂದ 2003ರವರೆಗೆ, ಸುಮಾರು ಮೂರು ದಶಕ, ಕೆಲವು ತುಂಡು ನೆಲದಲ್ಲಿ ಅಣಬೆಗಳನ್ನು ಕ್ರಮವಾಗಿ ಹೆಕ್ಕುತ್ತ, ಪಕ್ಕದಲ್ಲಿ ಹೆಕ್ಕದೆ ಬಿಡುತ್ತ ಲೆಕ್ಕವಿಟ್ಟರು. ಹೆಕ್ಕಿದ್ದರಿಂದ ಮುಂದಿನ ವರ್ಷಗಳ ಬೆಳೆಯಾಗಲಿ, ಜಾತಿಗಳ ಸಂಖ್ಯೆಯಾಗಲಿ ಕಡಿಮೆಯಾಗಲಿಲ್ಲ. ಕಿತ್ತರೂ ಕೊಯ್ದರೂ ಒಂದೇ. ಆದರೆ ಕಾಲಿನಿಂದ ನೆಲ ತುಳಿದಲ್ಲಿ ಅಣಬೆ ಏಳುವುದು ಕಡಿಮೆಯಾಯಿತು. ಹೆಕ್ಕುವವರ ಪರವಾಗಿ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಆದರೆ ಆ ಸಾಕ್ಷಿಯನ್ನು ಹಾಗೇ ತಂದು ನಮ್ಮ ಗುಡ್ಡದಲ್ಲಿ ನಿಲ್ಲಿಸುವಂತಿಲ್ಲ. ಅಲ್ಲಿ ಹೆಕ್ಕಿದ್ದು ನೆಲದ ಮೇಲೆ ಎದ್ದು ಕಾಣುವ ಅಣಬೆ. ಕಲ್ಲಣಬೆ ಕೆದರಿ ತೆಗೆಯುವ ಅಣಬೆ. ಅಮೆರಿಕದ ಆರೆಗನ್ ರಾಜ್ಯದಲ್ಲಿ ತರಗೆಲೆಯಡಿ ಅಡಗಿರುವ ಮತ್ಸುತಾಕೆ ಎಂಬ ಅಣಬೆಯ ಮೇಲೆ ನಡೆದ ಅಧ್ಯಯನ ನಮಗೆ ಹತ್ತಿರದ್ದು. ಹುಷಾರಾಗಿ ಒಂದೊಂದನ್ನೇ ತೆಗೆದಲ್ಲಿ ಹಾನಿಯಾಗಲಿಲ್ಲ. ಆಳವಾಗಿ ಕೆರೆದು, ತರಗೆಲೆಯನ್ನು ಮರಳಿ ಮುಚ್ಚದೆ ಬಿಟ್ಟಲ್ಲಿ ವರ್ಷಗಟ್ಟಲೆ ಇಳುವರಿ ಬಿತ್ತು. ಎಳೆಗಳು ಇರುವುದೇ ಆ ಮೇಲ್ಮಣ್ಣಿನಲ್ಲಿ. ಕೆದರಿ ಬಿಟ್ಟುಹೋದರೆ ಬಿಸಿಲು ಬಡಿಯುತ್ತದೆ, ಜೂನ್ ತಿಂಗಳ ನಮ್ಮ ಮಳೆ ಆ ಮಣ್ಣನ್ನೇ ತೊಳೆದು ಒಯ್ಯುತ್ತದೆ. ನಮ್ಮ ಹಿರಿಯರು ಒಂದು ಬೆರಳು ಕೆದರಿದರೆ, ಈಗ ಅವಸರದವರು ಹಾರೆ, ಗದ್ದೆಯ ಹಲ್ಲುಕೋಲು ತಂದು ಮರದ ಸುತ್ತ ಎಳೆಯುವುದನ್ನು ನಾನೇ ನೋಡಿದ್ದೇನೆ. ಕಲ್ಲಣಬೆಯ ಬಂಧುವನ್ನೇ ಆಸೆಪಟ್ಟು ಉಣ್ಣುವ ಉತ್ತರ ಥಾಯ್ಲೆಂಡಿನಲ್ಲಿ ಅಣಬೆ ಹೆಚ್ಚು ಏಳಲೆಂದು, ನೆಲ ಕಾಣಲೆಂದು ತರಗೆಲೆಗೆ ಬೆಂಕಿ ಹಾಕುವ ರೂಢಿಯಿದೆ ಎಂಬ ದೂರು ಬಹಳ ಹಳೆಯದು. ಬೇಡಿಕೆ ಹೆಚ್ಚಿದಾಗ ಕೈ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಅದನ್ನು ನೆನಪಿಡಬೇಕು.

ಹುತ್ತದ ಅಣಬೆಯ ಕಥೆಯಲ್ಲಿ ಇನ್ನೊಂದು ತಿರುವಿದೆ. ಹೊಸ ಹುತ್ತ ಕಟ್ಟಲು ಹೊರಟ ಗೆದ್ದಲಿನ ರಾಜ-ರಾಣಿ, ಹೆಚ್ಚಿನ ಜಾತಿಗಳಲ್ಲಿ, ಶಿಲೀಂಧ್ರವನ್ನು ತವರಿನಿಂದ ತರುವುದಿಲ್ಲ. ಹೊಸ ಸಂಸಾರದ ಮೊದಲ ಕೆಲಸಗಾರ ಹುಳಗಳು ಹೊರಗೆ ಸದೆ ಹೆಕ್ಕುವಾಗ ಅದರ ಜೊತೆ ಬರುವ ಬೀಜಕಣಗಳಿಂದಲೇ ತೋಟ ಶುರುವಾಗಬೇಕು. ಆ ಬೀಜಕಣ ಬರುವುದು ಅರಳಿ ಕೊಳೆತ ಅಣಬೆಯಿಂದ. ನಾವು ಕೊಡೆ ಬಿಚ್ಚುವ ಮೊದಲೇ ಮೊಗ್ಗನ್ನೆಲ್ಲ ಕಿತ್ತು ತಂದರೆ, ಊರಿನ ಎಲ್ಲ ಹುತ್ತಗಳಲ್ಲೂ ಹಾಗೇ ಮಾಡಿದರೆ, ಮುಂದಿನ ಹುತ್ತಕ್ಕೆ ಬೀಜ ಎಲ್ಲಿಂದ? ನೆರೆಯ ಗೋವಾದಲ್ಲಿ ಈ ಅಣಬೆಯನ್ನು ಎಲೆಯಲ್ಲಿ ಕಟ್ಟಿ ನೂರರ ಲೆಕ್ಕದಲ್ಲಿ, ಚಿನ್ನದ ಹಾಗೆ ಮಾರುತ್ತಾರೆ. ಅಲ್ಲಿನ ಶಿಲೀಂಧ್ರ ವಿಜ್ಞಾನಿ ನಂದಕುಮಾರ್ ಕಾಮತ್ ಅದನ್ನು ಕಾಡಿನಲ್ಲೇ ಬಿಡಿ ಎಂದು ವರ್ಷಗಳಿಂದ ಕೇಳಿಕೊಳ್ಳುತ್ತಿದ್ದಾರೆ. ಗೆದ್ದಲು ಮತ್ತು ಈ ಶಿಲೀಂಧ್ರ ಸೇರಿ ಕಾಡಿನ ಕಸವನ್ನು ಮಣ್ಣಿಗೆ ಮರಳಿಸುತ್ತವೆ, ಆ ಸರಪಳಿ ಕಡಿಯಬಾರದು ಎನ್ನುವುದು ಅವರ ವಾದ. ನಾನು ಅದನ್ನು ಪೂರ್ತಿ ಒಪ್ಪದಿದ್ದರೂ ಆ ವಾದ ಕೇಳಿದ ಮೇಲೆ ಹುತ್ತದ ಅಣಬೆಯನ್ನು ನೋಡುವ ನನ್ನ ಕಣ್ಣು ಬದಲಾಗಿದೆ.

ಪೂರ್ತಿ ಒಪ್ಪದಿರುವುದಕ್ಕೆ ಕಾರಣವಿದೆ. ನಮ್ಮ ಊರಿನ ಸುತ್ತ ನಾನು ಚಿಕ್ಕಂದಿನಲ್ಲಿ ಕಲ್ಲಣಬೆ ಹೆಕ್ಕಿದ ಜಾಗಗಳನ್ನು ಒಮ್ಮೆ ಎಣಿಸಿ ನೋಡಿದೆ. ಒಂದು ಈಗ ಕೆಂಪುಕಲ್ಲಿನ ಕೋರೆ. ಮಳೆಗಾಲದಲ್ಲಿ ನೀರು ನಿಂತು ಕೆರೆಯಾಗುತ್ತದೆ. ಒಂದು ರಬ್ಬರು ತೋಟ. ಒಂದರಲ್ಲಿ ಬೋಗಿ ಕಡಿದು ಅಕೇಶಿಯಾ ನೆಟ್ಟಿದ್ದಾರೆ. ಮತ್ತೊಂದು ನಾಗಬನದ ಅಂಚು. ಬನವೇ ಕಾಂಕ್ರೀಟಿನ ಕಟ್ಟೆಯಾಗಿದೆ, ಟೈಲ್ಸ್ ಹಾಕಿದ್ದಾರೆ, ನಾಗನ ಕಲ್ಲುಗಳು ಬಿಸಿಲಿನಲ್ಲಿ ಕುಳಿತಿವೆ. ಇವುಗಳಲ್ಲಿ ಒಂದನ್ನೂ ಚೀಲ ಕಟ್ಟಿಕೊಂಡು ಬಂದ ಹೆಂಗಸು ಹಾಳುಮಾಡಿದ್ದಲ್ಲ. ಮರ ಹೋದರೆ ಬೇರು ಹೋಯಿತು, ಬೇರು ಹೋದರೆ ಕಲ್ಲಣಬೆ ಹೋಯಿತು. ಹೆಕ್ಕುವವರನ್ನು ಮಾತ್ರ ಹಿಡಿದು ಪ್ರಶ್ನಿಸುವುದು ಅನ್ಯಾಯ. ‘ಬೋಗಿ ಮರ ಕಡಿಯಬೇಡಿ’ ಎಂದು ಮೊದಲು ಕೂಗುವವರೂ ಹೆಕ್ಕುವವರೇ. ಆ ಮರದ ಬೆಲೆ ಅವರಿಗೆ ಪ್ರತಿ ಜೂನ್‌ನಲ್ಲಿ ಕೈಗೆ ಸಿಗುತ್ತದೆ. ಹೆಕ್ಕುವುದನ್ನು ನಿಲ್ಲಿಸಿಬಿಟ್ಟರೆ ಆ ಗುಡ್ಡಕ್ಕೆ ಮಾತನಾಡುವವರೂ ಇಲ್ಲವಾಗುತ್ತಾರೆ.

ಆದರೆ ಈ ವಾದವನ್ನೂ ಬೆಳೆಸಿ ಬೆಳೆಸಿ ನಮ್ಮ ಕೈ ತೊಳೆದುಕೊಳ್ಳುವಂತಿಲ್ಲ. ಜಾಗ ಕುಗ್ಗಿದಂತೆ ಉಳಿದ ನಾಲ್ಕು ಗುಡ್ಡಗಳ ಮೇಲೆ ಹತ್ತು ಊರಿನ ಕೈ ಬೀಳುತ್ತದೆ. ಹಿಂದೆ ನೂರು ಮರದಡಿ ಹಂಚಿಹೋಗುತ್ತಿದ್ದ ತುಳಿತ ಈಗ ಹತ್ತು ಮರದಡಿ. ಸ್ವಿಟ್ಜರ್ಲೆಂಡಿನ ಲೆಕ್ಕದಲ್ಲೂ ತುಳಿತದಿಂದ ಹಾನಿಯಾಗಿತ್ತು ಎನ್ನುವುದನ್ನು ಮರೆಯಬಾರದು. ಹಾಳುಮಾಡಿದವರು ಬೇರೆಯವರು ಎನ್ನುವುದು ನಿಜ. ಉಳಿದದ್ದನ್ನು ಜೋಪಾನ ಮಾಡುವ ಹೊಣೆ ಮಾತ್ರ ಹೆಕ್ಕುವವರ ಮೇಲೂ ಬರುತ್ತದೆ.

ಕಾನೂನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಮೂಕಾಂಬಿಕಾ, ಸೋಮೇಶ್ವರದಂಥ ಅಭಯಾರಣ್ಯಗಳೊಳಗಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನದ ಮೇಲೆ ಅರಣ್ಯವಾಸಿಗಳಿಗೆ ಒಡೆತನದ ಹಕ್ಕು ಕೊಡುತ್ತದೆ. ಆದರೆ ಅದರ ವ್ಯಾಖ್ಯೆಯಲ್ಲಿ ‘ಸಸ್ಯಮೂಲದ’ ಎಂದಿದೆ. ಬಿದಿರು, ಜೇನು, ಅರಗು, ಗೆಡ್ಡೆಗೆಣಸುಗಳ ಹೆಸರಿದೆ, ಅಣಬೆಯ ಹೆಸರಿಲ್ಲ. ಅಣಬೆ ಸಸ್ಯವೂ ಅಲ್ಲ. ಪರಿಶಿಷ್ಟ ಪಂಗಡದವರಲ್ಲದಿದ್ದರೆ 75 ವರ್ಷಗಳಿಂದ ಅಲ್ಲಿರುವುದನ್ನೂ ತೋರಿಸಬೇಕು. ಕಲ್ಲಣಬೆಯ ಬಹುಪಾಲು ಬರುವುದು ಕೃಷಿ ಜಮೀನಿಗೆ ತಾಗಿದ ಕುಮ್ಕಿ ಜಾಗಗಳಿಂದ, ಉತ್ತರ ಕನ್ನಡದಲ್ಲಾದರೆ ಸೊಪ್ಪಿನ ಬೆಟ್ಟಗಳಿಂದ. ಅಲ್ಲಿ ಕಾಗದದ ನಿಯಮಕ್ಕಿಂತ ಊರಿನ ರೂಢಿಯೇ ನಡೆಯುತ್ತದೆ. ಮೊದಲು ಕಂಡವರದ್ದು ಅಣಬೆ. ಆ ರೂಢಿ ಊರಿನವರ ನಡುವೆ ಸರಿಯಾಗಿಯೇ ಇತ್ತು. ಹೊರಗಿನ ಕಾರು ಬಂದು ನಿಂತಾಗ ಅದು ಸಾಲದು. ಗ್ರಾಮಸಭೆಗಳು ತಮ್ಮ ಗುಡ್ಡದಲ್ಲಿ ಯಾರು, ಯಾವ ಉಪಕರಣದಿಂದ ಹೆಕ್ಕಬಹುದು ಎಂದು ತಾವೇ ಹೇಳಬೇಕಾದ ಕಾಲ ಬಂದಿದೆ.

‘ಬೆಳೆಸಿದ ಅಣಬೆ ತಿನ್ನಿ’ ಎನ್ನುವ ಸಲಹೆಯೂ ಇದೆ. ಚಿಪ್ಪು ಅಣಬೆ, ಹಾಲು ಅಣಬೆ ನಮ್ಮ ಸೆಖೆಗೆ ಒಗ್ಗುತ್ತವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬಿತ್ತನೆಯೂ ತರಬೇತಿಯೂ ಸಿಗುತ್ತದೆ. ವರ್ಷಪೂರ್ತಿ ಆದಾಯಕ್ಕೆ ಅದು ಒಳ್ಳೆಯ ದಾರಿ. ಆದರೆ ಶೆಡ್ಡು, ನೀರು, ಬಂಡವಾಳ ಇಲ್ಲದವರ ಒಂದು ವಾರದ ದುಡಿಮೆಗೆ ಅದು ಬದಲಿಯಾಗದು. ಮಳೆಗಾಲದ ಊಟಕ್ಕೆ ಕಲ್ಲಣಬೆ ಬೇಕೆನ್ನುವವರಿಗೂ ಅದು ಬದಲಿಯಾಗದು.

ಇಷ್ಟೆಲ್ಲ ತೂಗಿದ ಮೇಲೆ ನನ್ನ ನಿಲುವು ಹೀಗಿದೆ. ಕಲ್ಲಣಬೆಯನ್ನು ಹೆಕ್ಕಬಹುದು: ಗುಡ್ಡದ ಪಕ್ಕದಲ್ಲೇ ಬಾಳುವವರು, ಬೆರಳಾಳಕ್ಕಿಂತ ಹೆಚ್ಚು ಕೆದರದೆ, ಹಾರೆ ಮುಟ್ಟಿಸದೆ. ಮಾರಲಿ, ತಪ್ಪಿಲ್ಲ, ಕೊಳ್ಳುವ ನಾವು ಚೌಕಾಸಿ ಮಾಡದೆ ಕೊಳ್ಳೋಣ. ಹುತ್ತದ ಅಣಬೆಯ ವಿಷಯದಲ್ಲಿ ನಾನು ಇನ್ನಷ್ಟು ಬಿಗಿ. ಮನೆಯ ಒಂದು ಹೊತ್ತಿನ ಅಡುಗೆಗೆ ಸಾಕಾಗುವಷ್ಟು ತೆಗೆದು, ಪ್ರತಿ ಹುತ್ತದಲ್ಲೂ ಕೆಲವನ್ನು ಅರಳಲು ಬಿಡಬೇಕು. ಅಣಬೆಯ ಉದ್ದ ಕಾಲಿನ ಆಸೆಗೆ ಹುತ್ತವನ್ನು ಅಗೆಯಲೇಬಾರದು, ರಾಶಿ ಹಾಕಿ ಮಾರಬಾರದು. ಕಳೆನಾಶಕ ಹೊಡೆದ ತೋಟದಿಂದ, ರಸ್ತೆ ಬದಿಯಿಂದ ಏನನ್ನೂ ತರಬಾರದು. ಹೊಸದಾಗಿ ಕಲಿಯುವವರು ಒಬ್ಬರ ಹತ್ತಿರ, ಒಂದು ಅಣಬೆಯನ್ನು, ಒಂದೆರಡು ಮಳೆಗಾಲ ಜೊತೆಗೆ ಸುತ್ತಿ ಕಲಿಯಬೇಕು. ಚಿತ್ರ ನೋಡಿ ತೀರ್ಮಾನಿಸಿದ್ದನ್ನು ಯಾರ ತಟ್ಟೆಗೂ ಹಾಕಬಾರದು. ಅಣಬೆ ಉಂಡ ಮೇಲೆ, ಮರುದಿನವಾದರೂ ಸರಿ, ವಾಂತಿಭೇದಿಯಾದರೆ, ಅದು ತಾನಾಗಿ ಕಡಿಮೆಯಾದರೂ, ಉಳಿದ ಅಣಬೆಯನ್ನೋ ಸಿಪ್ಪೆಯನ್ನೋ ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನಮ್ಮ ಅಜ್ಜಿ ಈಗಿಲ್ಲ. ಅವರಿಗೆ ಗೊತ್ತಿದ್ದ ಐದರಲ್ಲಿ ನನಗೆ ಖಚಿತವಾಗಿ ಗೊತ್ತಿರುವುದು ಎರಡು. ಉಳಿದ ಮೂರನ್ನು ನಾನು ಕೇಳಿ ಇಟ್ಟುಕೊಳ್ಳಲಿಲ್ಲ, ಅವನ್ನು ಈಗ ನಾನು ಹೆಕ್ಕುವುದೂ ಇಲ್ಲ. ನಿಮ್ಮ ಮನೆಯಲ್ಲಿ ಗೊತ್ತಿರುವ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ, ಈ ಸಲ ಮೊದಲ ಗುಡುಗಿನ ಮರುದಿನ ಅವರ ಜೊತೆ ಗುಡ್ಡಕ್ಕೆ ಹೋಗಿ. ಅವರು ಯಾವುದನ್ನು ಹೆಕ್ಕುತ್ತಾರೆ, ಯಾವುದನ್ನು ನೋಡಿಯೂ ನೋಡದೆ ದಾಟುತ್ತಾರೆ, ಎರಡನ್ನೂ ಗಮನಿಸಿ. ಹಿಂದಿರುಗುವ ಮೊದಲು ಬೋಗಿ ಮರದ ಬುಡದಲ್ಲಿ ಸರಿಸಿದ ತರಗೆಲೆಯನ್ನು ಮೊದಲಿದ್ದಂತೆ ಎಳೆದು ಮುಚ್ಚಿ ಬನ್ನಿ.